ಪದಚರ್ಚೆ: ಹಲ್ಲಿನ ‘ಅಚ್ಚು’ ಎಂದರೆ ಟೊಳ್ಳೋ, ಗಟ್ಟಿಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಲ್ಲಿನ ಕ್ಲಿನಿಕ್ಕುಗಳಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡಲು ತರಬೇತಿ ಪಡೆಯುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಓದುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯೋ ಪಿಯುಸಿಯೋ ಮುಗಿಸಿದವರು. ಹಲ್ಲು ಕೀಳುವುದು, ಬೇರಿನ ಚಿಕಿತ್ಸೆ, ತಂತಿ ಹಾಕುವುದು, ವಸಡು, ಮಕ್ಕಳ ಹಲ್ಲು, ಕಟ್ಟಿಸುವ ಹಲ್ಲು ಎಂದು ವಿಭಾಗವಾರು ಪಾಠಗಳಿವೆ. ಮೂರು ಕಡೆ ಪದ ಕೈಕೊಡುತ್ತಿದೆ.

ಒಂದು, ಬಾಯಿಯಿಂದ ತೆಗೆದುಕೊಳ್ಳುವ, ಹಲ್ಲಿನ ಗುರುತು ಟೊಳ್ಳಾಗಿ ಮೂಡಿದ ಇಂಪ್ರೆಷನ್ನಿಗೂ ಅದರಲ್ಲಿ ಸ್ಟೋನ್ (ನೀರಿನಲ್ಲಿ ಕಲಸಿದ ಜಿಪ್ಸಮ್ ಪುಡಿ) ಹೊಯ್ದು ಮಾಡುವ ಗಟ್ಟಿ ಪ್ರತಿರೂಪವಾದ ಕಾಸ್ಟಿಗೂ ಕರಡಿನಲ್ಲಿ ‘ಅಚ್ಚು’ ಎಂದೇ ಬಂದಿದೆ. ಎರಡು, ‘ಅಚ್ಚು ತೆಗೆಯಿರಿ’ ಎಂದರೆ ಮಾಡಿಕೊಳ್ಳಿ ಎಂದೋ, ಬಾಯಿಂದ ಹೊರತೆಗೆಯಿರಿ ಎಂದೋ ತಿಳಿಯುವುದಿಲ್ಲ. ಕರಡಿನ ಈ ಒಂದು ವಾಕ್ಯ ನೋಡಿ:

“ಅಚ್ಚು ತೆಗೆದ ಕೂಡಲೇ ನಲ್ಲಿಯ ಕೆಳಗೆ ತೊಳೆದು, ಅಚ್ಚು ಹೊಯ್ದು, ಗಂಟೆಯ ಮೇಲೆ ಅಚ್ಚು ತೆಗೆದು, ಅಚ್ಚಿನ ಮೇಲೆ ಹೆಸರು, ತಾರೀಕು ಬರೆಯಿರಿ.”

ನಾಲ್ಕು ಅಚ್ಚುಗಳಲ್ಲಿ ಯಾವುದು ಯಾವುದೆಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಮೂರನೆಯದು, ಈ ಕೆಲಸ ಮಾಡುವವರನ್ನು ಏನೆನ್ನೋಣ? ‘ದಂತ ಸಹಾಯಕಿ’ ಎಂದು ಹಾಕಿದ್ದೇವೆ, ಒಪ್ಪಿಗೆಯಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

---

> ಇಂಪ್ರೆಷನ್ನಿಗೂ ... ಕಾಸ್ಟಿಗೂ ಕರಡಿನಲ್ಲಿ ‘ಅಚ್ಚು’ ಎಂದೇ ಬಂದಿದೆ

ಇದು ಕರಡು ಬರೆದವರ ತಪ್ಪಲ್ಲ, ಆ ಪದದ ಸ್ವಭಾವವೇ ಹಾಗೆ. ಸಂಕ್ರಾಂತಿಗೆ ಮರದ ಹಲಗೆಯಲ್ಲಿ ಕೊರೆದ ಟೊಳ್ಳೂ ಅಚ್ಚು, ಅದಕ್ಕೆ ಪಾಕ ಹೊಯ್ದು ಆರಿದ ಮೇಲೆ ಎಳ್ಳಿನ ಜೊತೆ ಬೀರುವುದೂ ಸಕ್ಕರೆ ಅಚ್ಚು. ಬೆಲ್ಲದ ಅಚ್ಚೂ ಹೀಗೇ. ಅಡುಗೆಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಒಂದು ಮರ, ಇನ್ನೊಂದು ಸಿಹಿ. ಕ್ಲಿನಿಕ್ಕಿನಲ್ಲಿ ಎರಡೂ ಒಂದೇ ಮೇಜಿನ ಮೇಲಿರುತ್ತವೆ, ಎರಡನ್ನೂ ನೋಡಿಕೊಳ್ಳುವ ರೀತಿ ಮಾತ್ರ ತೀರಾ ಉಲ್ಟಾ. ಟೊಳ್ಳನ್ನು ನಲ್ಲಿಯ ನೀರಿನಲ್ಲಿ ತೊಳೆಯಲೇಬೇಕು, ಒಣಗಲು ಬಿಡಬಾರದು. ಗಟ್ಟಿಯದನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು. ಜಿಪ್ಸಮ್ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿ ಹಲ್ಲಿನ ಅಂಚುಗಳು ಮೊಂಡಾಗುತ್ತವೆ. ‘ಅಚ್ಚು ತೊಳೆ’ ಎಂಬ ಒಂದು ಮಾತಿಗೆ ಇಡೀ ಕೆಲಸ ಹಾಳಾಗಬಹುದು. ಆದ್ದರಿಂದ ಇಲ್ಲಿ ಎರಡು ಪದ ಬೇಕೇ ಬೇಕು.

ನನ್ನ ಸಲಹೆ: ‘ಅಚ್ಚು’ ಟೊಳ್ಳಿಗೆ ಮಾತ್ರ ಇರಲಿ. ಗಟ್ಟಿಯದಕ್ಕೆ ‘ಪಡಿಯಚ್ಚು’. ಇದು ಹೊಸದಾಗಿ ಕಟ್ಟಿದ ಪದವಲ್ಲ. ‘ಮಗ ಥೇಟ್ ಅಪ್ಪನ ಪಡಿಯಚ್ಚು’ ಎಂದು ದಿನವೂ ಆಡುತ್ತೇವೆ. ಪಡಿನೆಳಲಿನ ‘ಪಡಿ’ಯೇ ಇಲ್ಲಿರುವುದು, ಅಚ್ಚಿಗೆ ಎದುರಾಗಿ ಮೂಡಿದ್ದು. ಬಾಯೊಳಗಿನ ಹಲ್ಲನ್ನು ಹೋಲುವುದು ಗಟ್ಟಿಯದೇ ಹೊರತು ಟೊಳ್ಳಲ್ಲ, ಹಾಗಾಗಿ ಅರ್ಥವೂ ಕೂಡಿ ಬರುತ್ತದೆ. ಮಾತಿನಲ್ಲಿ ‘ಮಾಡೆಲ್’ ಎಂದರೂ ನಡೆಯುತ್ತದೆ, ಎಲ್ಲ ಲ್ಯಾಬಿನವರೂ ಹಾಗೇ ಕರೆಯುವುದು. ‘ಎರಕ’ ಬೇಡ. ಲ್ಯಾಬಿನಲ್ಲಿ ಲೋಹದ ಕ್ಯಾಪಿಗೆ ನಿಜವಾದ ಎರಕದ ಕೆಲಸ ಇದೆ, ಅದಕ್ಕೆ ಉಳಿಸಿಕೊಳ್ಳೋಣ. ‘ದಂತಮುದ್ರೆ’ ಕಾಗದದ ಮೇಲೆ ಚೆನ್ನಾಗಿದೆ, ಬಾಯಿಗೆ ಬರುವುದಿಲ್ಲ. ಡೆಂಟಲ್ ಸ್ಟೋನನ್ನು ‘ಹಲ್ಲಿನ ಕಲ್ಲು’ ಎಂದು ದಯವಿಟ್ಟು ಬರೆಯಬೇಡಿ, ವಸಡಿನ ಪಾಠದಲ್ಲಿ ಹಲ್ಲಿಗೆ ಗಟ್ಟಿಯಾಗಿ ಕಟ್ಟಿಕೊಂಡ ಗಾರೆಯೆಂದು ಓದಿಕೊಳ್ಳುತ್ತಾರೆ. ಸ್ಟೋನ್ ಸ್ಟೋನ್ ಆಗಿಯೇ ಇರಲಿ.

ಇನ್ನು ‘ಅಳತೆ’. ರೋಗಿಗಳು ‘ಹಲ್ಲಿನ ಅಳತೆ ಕೊಟ್ಟು ಬಂದೆ’ ಎನ್ನುತ್ತಾರೆ, ದರ್ಜಿಗೆ ಕೊಟ್ಟಂತೆ. ಅವರೊಡನೆ ಮಾತಾಡುವಾಗ ಇದಕ್ಕಿಂತ ಒಳ್ಳೆಯ ಪದವಿಲ್ಲ. ಆದರೆ ಪಾಠದಲ್ಲಿ ಅಳತೆ ಚಮಚ, ಅಳತೆ ಲೋಟ ಬರುವುದರಿಂದ ಅಲ್ಲಿ ಬೇಡ.

> ‘ಅಚ್ಚು ತೆಗೆಯಿರಿ’

‘ತೆಗೆ’ ಎಂಬ ಕ್ರಿಯಾಪದ ಡೆಂಟಲ್ ಕುರ್ಚಿಯ ಸುತ್ತ ನಾಲ್ಕು ಕೆಲಸ ಮಾಡುತ್ತಿದೆ. ಬಾಯಿ ತೆಗೆಯುವುದು ತೆರೆಯುವುದು, ಹಲ್ಲು ತೆಗೆಯುವುದು ಕೀಳುವುದು, ಎಕ್ಸ್‌ರೇ ತೆಗೆಯುವುದು ಮಾಡಿಕೊಳ್ಳುವುದು, ಅಚ್ಚು ತೆಗೆಯುವುದು ಎರಡರಲ್ಲಿ ಯಾವುದಾದರೂ ಆಗಬಹುದು. ಅಚ್ಚಿನ ಪಾಠದಿಂದ ಇದನ್ನು ಪೂರ್ತಿ ಕೈಬಿಟ್ಟು, ಒಂದೊಂದು ಹಂತಕ್ಕೆ ಒಂದೊಂದು ಕ್ರಿಯಾಪದ ಗೊತ್ತುಮಾಡಿ: ಕಲಸು, ತುಂಬು, ಕೂರಿಸು, ಸೆಳೆ, ತೊಳೆ, ಹೊಯ್ಯಿ, ಬಿಡಿಸು. ಅಚ್ಚಿಗೆ ಬಳಸುವ ಪುಡಿಯಾದ ಆಲ್ಜಿನೇಟಿನ ಕೆಲಸವನ್ನೇ ಈ ಏಳರಲ್ಲಿ ಹೇಳಿ ನೋಡೋಣ.

ಕಲಸು: ಪುಡಿಯ ಡಬ್ಬಿಯನ್ನು ಮೊದಲು ಒಂದೆರಡು ಸಲ ಮಗುಚಿ ಸಡಿಲಿಸಬೇಕು, ತಳದಲ್ಲಿ ಕೂತ ಪುಡಿ ಅದೇ ಚಮಚದಲ್ಲಿ ಹೆಚ್ಚು ಹಿಡಿಯುತ್ತದೆ. ಮೇಲ್ದವಡೆಗೆ ಸಾಮಾನ್ಯವಾಗಿ ಮೂರು ಚಮಚ, ಕೆಳದವಡೆಗೆ ಎರಡು. ಚಮಚಕ್ಕೆ ಒಂದರಂತೆ ಲೋಟದ ಗೆರೆಯವರೆಗೆ ನೀರು. ಚಮಚ, ಲೋಟ ಆಯಾ ಡಬ್ಬಿಯ ಜೊತೆ ಬಂದದ್ದೇ ಆಗಬೇಕು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಬಟ್ಟಲಿಗೆ ಮೊದಲು ನೀರು, ಆಮೇಲೆ ಪುಡಿ. ತಿರುವುಮುರುವಾದರೆ ತಳದಲ್ಲಿ ಒಣಪುಡಿ ಉಳಿದು ಗಂಟಾಗುತ್ತದೆ. ಇಲ್ಲಿ ‘ಕಲಕು’ ಎಂದು ಬರೆಯಬೇಡಿ. ಕಲಕಿದರೆ ಗಾಳಿ ಸೇರುತ್ತದೆ. ರಬ್ಬರ್ ಬಟ್ಟಲಿನ ಗೋಡೆಗೆ ಸ್ಪ್ಯಾಚುಲಾದಿಂದ ಒತ್ತಿ ಒತ್ತಿ ಕಲಸಿದಾಗ ಗಾಳಿ ಹೊರಹೋಗಿ, 45 ಸೆಕೆಂಡಿನಿಂದ ಒಂದು ನಿಮಿಷದೊಳಗೆ ಕೆನೆಯಂತೆ ನುಣ್ಣಗಾಗುತ್ತದೆ. ನೀರು 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನೀರಿನ ಬಿಸಿ ಒಂದೊಂದು ಡಿಗ್ರಿ ಏರಿದರೂ ಗಟ್ಟಿಯಾಗುವ ಹೊತ್ತು ಸುಮಾರು ಆರು ಸೆಕೆಂಡು ಕಡಿಮೆಯಾಗುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಾದ ಟ್ಯಾಂಕಿನ ನೀರು ಹಾಕಿದರೆ ಟ್ರೇ (ಅಚ್ಚಿನ ಪದಾರ್ಥ ತುಂಬುವ, ದವಡೆಯ ಆಕಾರದ ತಟ್ಟೆ) ಬಾಯಿ ಮುಟ್ಟುವ ಮೊದಲೇ ಗಟ್ಟಿಯಾಗಿರುತ್ತದೆ. ತಣ್ಣೀರಿನ ಬಾಟಲಿ ಇಟ್ಟುಕೊಂಡಿರಬೇಕು ಎಂದು ಕೈಪಿಡಿಯಲ್ಲೇ ಬರೆಯಿರಿ.

ತುಂಬು, ಕೂರಿಸು: ಕಲಸಿದ್ದನ್ನು ಟ್ರೇಗೆ ತುಂಬಿದ ಮೇಲೆ, ಮೇಲಿನ ಟ್ರೇಯನ್ನು ಮೊದಲು ಹಿಂಬದಿಯಲ್ಲಿ ಕೂರಿಸಿ ಆಮೇಲೆ ಮುಂದಕ್ಕೆ ಒತ್ತುತ್ತಾರೆ, ಆಗ ಹೆಚ್ಚಾದದ್ದು ಗಂಟಲ ಕಡೆ ಹರಿಯದೆ ಮುಂದೆ ಬರುತ್ತದೆ. ಓಕರಿಕೆ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನಲ್ಲಿ ಉಸಿರಾಡಲು ಹೇಳುವುದು ಸಹಾಯಕರ ಕೆಲಸ. ಆ ವಾಕ್ಯವನ್ನು ಆಡುಮಾತಿನಲ್ಲೇ ಕೊಡಿ: ‘ಗದ್ದ ಕೆಳಗಿಳಿಸಿ, ಮೂಗಲ್ಲಿ ಉಸಿರು ಎಳ್ಕೊಳಿ.’

ಸೆಳೆ: ಬೆರಳಿಗೆ ಅಂಟುವುದು ನಿಂತ ಮೇಲೆ ಇನ್ನೂ ಎರಡು ಮೂರು ನಿಮಿಷ ಬಿಟ್ಟು, ಒಂದೇ ಸೆಳೆತಕ್ಕೆ ಹೊರತರಬೇಕು. ಅಲ್ಲಾಡಿಸುತ್ತ ನಿಧಾನ ಎಳೆದರೆ ಹಲ್ಲುಗಳ ಸಂದಿನಲ್ಲಿ ಹರಿಯುತ್ತದೆ, ಆಕಾರವೂ ಕೆಡುತ್ತದೆ. ‘ಮೆಲ್ಲಗೆ ತೆಗೆಯಿರಿ’ ಎಂದು ಕರಡಿನಲ್ಲಿದ್ದರೆ ಅದು ಒಳ್ಳೆಯ ಮನಸ್ಸಿನ ತಪ್ಪು, ತಿದ್ದಿ.

ತೊಳೆ: ಎಂಜಲು, ರಕ್ತ ಹೋಗುವಂತೆ ಹರಿಯುವ ನೀರಿನಲ್ಲಿ ತೊಳೆದು, ಸೋಂಕು ಕಳೆಯುವ 0.5 ಶೇಕಡಾ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಿ, ಮುಚ್ಚಿದ ಚೀಲದಲ್ಲಿ ಹತ್ತು ನಿಮಿಷವಿಟ್ಟು, ಮತ್ತೆ ತೊಳೆದು, ನೀರು ಕೊಡವಿ, ಕೂಡಲೇ ಹೊಯ್ಯಬೇಕು. ನೀರಿನಲ್ಲಿ ಮುಳುಗಿಸಿಟ್ಟರೆ ಹೀರಿ ಉಬ್ಬುತ್ತದೆ. ಮೇಜಿನ ಮೇಲೆ ಬಿಟ್ಟರೆ ‘ನೀರು ಬಿಟ್ಟು’ ಕುಗ್ಗುತ್ತದೆ. ಈ ಎರಡನೆಯದಕ್ಕೆ ಸಂಸ್ಕೃತದ ಪದ ಹುಡುಕುವ ಅಗತ್ಯವೇ ಇಲ್ಲ. ಇಟ್ಟ ಮೊಸರು ಹೇಗೆ ನೀರು ಬಿಡುತ್ತದೋ ಆಲ್ಜಿನೇಟೂ ಹಾಗೇ ಬಿಡುತ್ತದೆ, ಅದರ ಮೇಲೆ ಸಣ್ಣ ಹನಿಗಳು ಕಣ್ಣಿಗೇ ಕಾಣುತ್ತವೆ.

ಹೊಯ್ಯಿ: 100 ಗ್ರಾಂ ಸ್ಟೋನಿಗೆ 28ರಿಂದ 30 ಮಿ.ಲೀ. ನೀರು, ಪ್ಲಾಸ್ಟರಾದರೆ 45ರಿಂದ 50. ಇಲ್ಲಿಯೂ ನೀರಿಗೆ ಪುಡಿ. ವೈಬ್ರೇಟರಿನ ಮೇಲೆ ಟ್ರೇ ಹಿಡಿದು ಒಂದು ತುದಿಯಿಂದ ಮಾತ್ರ ಬಿಡುತ್ತ ಹೋದರೆ ಒಂದು ಹಲ್ಲು ತುಂಬಿ ಇನ್ನೊಂದಕ್ಕೆ ಹರಿಯುತ್ತದೆ. ಎರಡೂ ತುದಿಯಿಂದ ಬಿಟ್ಟರೆ ನಡುವೆ ಗಾಳಿ ಸಿಕ್ಕಿ ಮುಂದಿನ ಹಲ್ಲಿನ ತುದಿಯೇ ತೂತಾಗುತ್ತದೆ.

ಬಿಡಿಸು: 45 ನಿಮಿಷದಿಂದ ಒಂದು ಗಂಟೆಗೆ. ರಾತ್ರಿಯಿಡೀ ಬಿಟ್ಟರೆ ಆಲ್ಜಿನೇಟ್ ಒಣಗಿ ಬಿಗಿಯಾಗಿ, ಬಿಡಿಸುವಾಗ ಕೆಳಗಿನ ಸಣ್ಣ ಬಾಚಿಹಲ್ಲುಗಳು ಮುರಿದು ಬರುತ್ತವೆ, ಮೇಲ್ಮೈಯೂ ಸುಣ್ಣ ಉದುರಿದಂತಾಗುತ್ತದೆ.

ಈಗ ಕರಡಿನ ವಾಕ್ಯ: “ಅಚ್ಚನ್ನು ಬಾಯಿಂದ ಸೆಳೆದ ಕೂಡಲೇ ನಲ್ಲಿಯ ಕೆಳಗೆ ತೊಳೆದು, ಸೋಂಕು ನಿವಾರಿಸಿ, ಅದರೊಳಗೆ ಸ್ಟೋನ್ ಹೊಯ್ದು, ಗಂಟೆಯ ಮೇಲೆ ಪಡಿಯಚ್ಚನ್ನು ಬಿಡಿಸಿ, ಪಡಿಯಚ್ಚಿನ ಬುಡದಲ್ಲಿ ಹೆಸರು, ತಾರೀಕು ಬರೆಯಿರಿ.” ನಾಲ್ಕಿದ್ದ ಅಚ್ಚು ಒಂದಾಯಿತು.

ಕ್ಯಾಪು, ಬ್ರಿಡ್ಜಿನ ವಿಭಾಗದಲ್ಲಿ ಆಲ್ಜಿನೇಟಿನ ಬದಲು ಸಿಲಿಕೋನ್ ಪುಟ್ಟಿ ಬರುತ್ತದೆ. ಅಲ್ಲಿಗೆ ‘ಕಲಸು’ ಹೊಂದುವುದಿಲ್ಲ, ಕೈಯಲ್ಲಿ ಚಪಾತಿ ಹಿಟ್ಟಿನಂತೆ ‘ನಾದು’ವುದು ಅದು. ಲ್ಯಾಟೆಕ್ಸ್ ಗ್ಲೌಸ್ ಹಾಕಿಕೊಂಡು ನಾದಿದರೆ ಅದರ ಗಂಧಕದಿಂದ ಪುಟ್ಟಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ವಿನೈಲ್ ಗ್ಲೌಸ್ ಎಂದು ಸ್ಪಷ್ಟವಾಗಿ ಬರೆಯಿರಿ.

---

ಮೇಲಿನ ಉತ್ತರದ ‘ಪಡಿಯಚ್ಚು’ ನನಗೂ ತುಂಬಾ ಹಿಡಿಸಿತು. ಎರಡು ಮಾತು ಸೇರಿಸುತ್ತೇನೆ.

ತಂತಿ ಹಾಕುವ ವಿಭಾಗದಲ್ಲಿ ಮೇಲಿನ, ಕೆಳಗಿನ ಪಡಿಯಚ್ಚುಗಳು ಹೇಗೆ ಕೂಡುತ್ತವೆಂದು ತಿಳಿಯಲು ಮೇಣದಲ್ಲಿ ಕಚ್ಚಿಸಿಕೊಳ್ಳುತ್ತಾರೆ. ಅದಕ್ಕೆ ‘ಕಚ್ಚು’ ಎಂದರೆ ಮಾಸ್ಕಿನ ಹಿಂದಿನಿಂದ ‘ಅಚ್ಚು’ ಎಂದೇ ಕೇಳಿಸುತ್ತದೆ. ‘ಮೇಣದ ಗುರುತು’ ಎನ್ನಿ. ರೋಗಿಗೂ ‘ಕಚ್ಚಿ’ ಎನ್ನಬಾರದು. ಕಚ್ಚಿ ಎಂದೊಡನೆ ಜನ ಕೆಳದವಡೆಯನ್ನು ಮುಂದೆ ತಂದು ಬಾಚಿಹಲ್ಲಿನಲ್ಲೇ ಕಚ್ಚುತ್ತಾರೆ, ಗುರುತು ಸುಳ್ಳಾಗುತ್ತದೆ. ‘ಹಿಂದಿನ ಹಲ್ಲು ಒಂದಕ್ಕೊಂದು ತಾಗೋ ಹಾಗೆ ಬಾಯಿ ಮುಚ್ಚಿ’ ಎಂದರೆ ಸರಿಯಾಗಿ ಮುಚ್ಚುತ್ತಾರೆ.

ಬೇರಿನ ಚಿಕಿತ್ಸೆಯ ಪಾಠದಲ್ಲಿ ಅಂಕಿ ಓದುವ ಕ್ರಮವನ್ನೂ ಗೊತ್ತುಮಾಡಿ. ‘ಇಪ್ಪತ್ತೈದು’ ಎಂಬುದು ಅಲ್ಲಿ ಮೂರು ವಸ್ತು. ಹಲ್ಲುಗಳಿಗೆ ಎರಡಂಕಿ ಕೊಡುವ ಪದ್ಧತಿಯಲ್ಲಿ (ಮೊದಲಂಕಿ ಬಾಯಿಯ ಭಾಗ, ಎರಡನೆಯದು ನಡುವಿನಿಂದ ಎಣಿಸಿದ ಹಲ್ಲು) ಅದು ರೋಗಿಯ ಎಡಗಡೆಯ ಮೇಲಿನ ಐದನೇ ಹಲ್ಲು, ಅಂದರೆ ಕೋರೆಹಲ್ಲಿನ ಹಿಂದಿನ ಎರಡನೆಯದು. ಬೇರಿನ ನಾಳ ಉಜ್ಜುವ ಸೂಜಿಯಂಥ ಫೈಲಿನ ದಪ್ಪವಾದರೆ ತುದಿಯಲ್ಲಿ 0.25 ಮಿ.ಮೀ. ಫೈಲಿನ ಉದ್ದವಾದರೆ 25 ಮಿ.ಮೀ.; ಅದೇ ದಪ್ಪದ್ದು 21ರಲ್ಲೂ 31ರಲ್ಲೂ ಸಿಗುತ್ತದೆ. ಆದ್ದರಿಂದ ಹಲ್ಲನ್ನು ಬಿಡಿ ಅಂಕಿಯಲ್ಲಿ ‘ಎರಡು ಐದು’ ಎಂದೂ, ಫೈಲನ್ನು ಅದರ ಹಿಡಿಯ ಬಣ್ಣ ಸೇರಿಸಿ ‘ಕೆಂಪು ಇಪ್ಪತ್ತೈದು’ ಎಂದೂ, ಉದ್ದವನ್ನು ‘ಉದ್ದ ಇಪ್ಪತ್ತೊಂದು’ ಎಂದೂ ಓದುವ ರೂಢಿ ಮಾಡಿಸಿ. ಬಣ್ಣವೊಂದೇ ಸಾಲದು: ಬಿಳಿ, ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು ಎಂದು 15ರಿಂದ 40ರವರೆಗೆ ಹೋಗಿ 45ಕ್ಕೆ ಮತ್ತೆ ಬಿಳಿಯಿಂದ ಶುರುವಾಗುತ್ತದೆ, 55 ಸಹ ಕೆಂಪೇ.

ಹುದ್ದೆಯ ಹೆಸರಿಗೆ ‘ದಂತ ಚಿಕಿತ್ಸಾ ಸಹಾಯಕರು’ ಒಳ್ಳೆಯದು; ಹೆಣ್ಣು ಗಂಡು ಇಬ್ಬರಿಗೂ ಸಲ್ಲುತ್ತದೆ. 1948ರ ದಂತವೈದ್ಯರ ಕಾಯ್ದೆ ದಂತವೈದ್ಯರಲ್ಲದೆ ಹೈಜಿನಿಸ್ಟ್, ಮೆಕ್ಯಾನಿಕ್ ಎಂಬ ಇಬ್ಬರನ್ನು ಹೆಸರಿಟ್ಟು ಹೇಳಿತ್ತು. ಹಲ್ಲು ಶುಚಿ ಮಾಡುವವರು ಮೊದಲನೆಯವರು, ಲ್ಯಾಬಿನಲ್ಲಿ ಹಲ್ಲು ಕಟ್ಟುವವರು ಎರಡನೆಯವರು. ಸಹಾಯಕರು ಇವರಿಬ್ಬರೂ ಅಲ್ಲ. ‘ದಂತ ತಂತ್ರಜ್ಞ’ ಎಂಬ ಪದವನ್ನು ಕೈಪಿಡಿಯಲ್ಲಿ ಎಲ್ಲಿಯೂ ಇವರಿಗೆ ಬಳಸಬೇಡಿ, ಅದು ಲ್ಯಾಬಿನವರದು.