ಹೀಪ್ ಅರ್ಧವೂ ತುಂಬಿಲ್ಲ, ಆದರೂ ನಾಲ್ಕನೇ ರಾತ್ರಿ ಸರ್ವರ್ ಸಾಯುತ್ತಿದೆ

ರಾತ್ರಿಪಾಳಿ:

ಮೂರು ವಾರದಿಂದ ಇದೊಂದರ ಹಿಂದೆ ಬಿದ್ದಿದ್ದೇನೆ. ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್ 9, ಜಾವಾ 17, ಬೇಡವಾದ ಆಬ್ಜೆಕ್ಟ್‌ಗಳನ್ನು ಗುಡಿಸುವುದಕ್ಕೆ (ಜಿಸಿ) ಜಿ1. ಲಿನಕ್ಸ್ ಮಷೀನು, 8 ಜಿಬಿ ರ್‍ಯಾಮ್, 4 ಕೋರ್. ಹೀಪಿಗೆ, ಅಂದರೆ ಜಾವಾ ಆಬ್ಜೆಕ್ಟ್‌ಗಳು ಇರುವ ಮೆಮೊರಿಗೆ, 4 ಜಿಬಿ ಕೊಟ್ಟಿದ್ದೇನೆ. ಕನಿಷ್ಠವೂ ಅದೇ, ಗರಿಷ್ಠವೂ ಅದೇ.

ನಾಲ್ಕನೇ ರಾತ್ರಿ ಬಂತು ಅಂದರೆ ಸರ್ವರ್ ಢಮಾರ್. ಎರಡು ಗಂಟೆ ಆಸುಪಾಸು, ರಿಪೋರ್ಟ್ ಬ್ಯಾಚ್ ಓಡುವಾಗ. ಟಾಮ್‌ಕ್ಯಾಟ್ ಲಾಗ್ ಅರ್ಧ ಸಾಲಿಗೇ ನಿಂತಿರುತ್ತದೆ. ಔಟ್‌ಆಫ್‌ಮೆಮೊರಿ ಎರರ್ ಇಲ್ಲ. ಅದು ಬಂದರೆ ಹೀಪ್ ಡಂಪ್ (ಹೀಪಿನಲ್ಲಿ ಇದ್ದದ್ದರ ನಕಲು ಫೈಲ್) ಬೀಳಲಿ ಅಂತ ಫ್ಲ್ಯಾಗ್ ಹಾಕಿಟ್ಟಿದ್ದೆ, ಡಂಪೂ ಇಲ್ಲ. ಜೆವಿಎಂ, ಅಂದರೆ ಜಾವಾ ಓಡಿಸುವ ಪ್ರೋಗ್ರಾಂ, ಕ್ರ್ಯಾಶ್ ಆದಾಗ ಬರೆದಿಡುವ ಎಚ್‌ಎಸ್-ಎರರ್ ಫೈಲೂ ಇಲ್ಲ. ಸಾಯುವವನು ಒಂದು ಮಾತಾದರೂ ಹೇಳಿ ಹೋಗಬೇಕಲ್ವಾ?

ಜೆಮ್ಯಾಪ್ ಟೂಲ್‌ನಿಂದ ನಾನೇ ಮೂರು ಸಲ ಡಂಪ್ ತೆಗೆದು, ಡಂಪ್ ಓದುವ ಎಕ್ಲಿಪ್ಸ್ ಮ್ಯಾಟ್‌ನಲ್ಲಿ ನೋಡಿದೆ. ಯಾವ ಆಬ್ಜೆಕ್ಟ್ ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಡಾಮಿನೇಟರ್ ಟ್ರೀಯಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಸೆಷನ್‌ಗಳು, ಒಂದು ಕ್ಯಾಶ್, ಎಲ್ಲ ಸೇರಿ 1.1 ಜಿಬಿ. ಮುಂಚೆ ಹೀಪ್ 3 ಜಿಬಿ ಇತ್ತು, ಆಗ ಐದಾರು ದಿನ ಬಾಳುತ್ತಿತ್ತು. 4 ಮಾಡಿದ ಮೇಲೆ ಆಯಸ್ಸು ಇನ್ನೂ ಕಮ್ಮಿಯಾಯಿತು.

ಇನ್ನೊಂದು ಹೇಳುತ್ತೇನೆ, ನಗಬೇಡಿ. ನಾನು ಡಂಪ್ ತೆಗೆದರೆ ಆ ಸಲ ನಾಲ್ಕನೇ ರಾತ್ರಿ ಸರ್ವರ್ ಸಾಯುವುದಿಲ್ಲ. ಡಾಕ್ಟರ ಬಾಗಿಲು ಕಂಡ ಕೂಡಲೇ ಹಲ್ಲುನೋವು ನಿಲ್ಲುತ್ತದಲ್ಲ, ಹಾಗೆ.

ದಿನಾ ಒಂದು ಸಲ ರೀಸ್ಟಾರ್ಟ್ ಮಾಡುವಂತೆ ಕ್ರಾನ್ ಹಾಕಿಬಿಡು ಅಂತ ಮೇಲಿನವರ ಸಲಹೆ. ಹಾಕಿದರೆ ಈ ತೊಂದರೆಯ ಮೂಲ ಇನ್ನೆಂದೂ ಸಿಗುವುದಿಲ್ಲ ಅಂತ ಗೊತ್ತು, ಅದಕ್ಕೇ ಹಾಕಿಲ್ಲ.

ಬೈಟ್‌ಬುಟ್ಟಿ:

8 ಜಿಬಿ ಇದೆಯಲ್ಲ, ಹೀಪ್ 6 ಮಾಡಿ ನೋಡಿ. ಥ್ರೆಡ್‌ಲೋಕಲ್‌ಗಳನ್ನೂ (ಒಂದೊಂದು ಥ್ರೆಡ್ ತನಗಷ್ಟೇ ಇಟ್ಟುಕೊಳ್ಳುವ ಡೇಟಾ) ಒಮ್ಮೆ ಹುಡುಕಿ. ಟಾಮ್‌ಕ್ಯಾಟ್ ಥ್ರೆಡ್‌ಗಳು ಪೂಲ್‌ನಲ್ಲಿ ಬದುಕಿರುತ್ತವೆ, ಡೀಫಾಲ್ಟ್ 200ರ ತನಕ. ಒಂದರಲ್ಲಿ ಇಟ್ಟು ಮರೆತದ್ದು ಅಲ್ಲೇ ಇರುತ್ತದೆ.

ಹಳೇ ಅಡ್ಮಿನ್:

ದಯವಿಟ್ಟು 6 ಮಾಡಬೇಡಿ. ಮಾಡಿದರೆ ನಾಲ್ಕನೇ ರಾತ್ರಿಯವರೆಗೂ ಕಾಯಬೇಕಿಲ್ಲ. ಥ್ರೆಡ್‌ಲೋಕಲ್ ಆಗಿದ್ದರೆ ಮ್ಯಾಟ್‌ನಲ್ಲಿ ಕಾಣುತ್ತಿತ್ತು.

ಜೆವಿಎಂ ಮಾತಾಡದೆ ಹೋಯಿತು ಅಂದರೆ ಅದು ತಾನಾಗಿ ಸತ್ತದ್ದಲ್ಲ, ಯಾರೋ ಕೊಂದದ್ದು. ಹೀಪ್ ತುಂಬಿದರೆ ಔಟ್‌ಆಫ್‌ಮೆಮೊರಿ ಎರರ್ ಬರುತ್ತದೆ. ನೇಟಿವ್ ಕೋಡ್ (ಜಾವಾ ಅಲ್ಲದ, ನೇರ ಮಷೀನಿನ ಮೇಲೆ ಓಡುವ ಕೋಡ್) ಮುಟ್ಟಬಾರದ ಜಾಗ ಮುಟ್ಟಿದರೆ ಎಚ್‌ಎಸ್-ಎರರ್ ಫೈಲ್ ಬೀಳುತ್ತದೆ. ಸಿಗ್ನಲ್ 9, ಅಂದರೆ ತಕ್ಷಣ ಕೊಲ್ಲುವ ಆಜ್ಞೆ, ಬಂದರೆ ಮಾತ್ರ ಪ್ರೋಸೆಸ್‌ಗೆ ಬಾಯಿ ತೆರೆಯಲೂ ಪುರಸೊತ್ತಿಲ್ಲ. ಕರ್ನಲ್ ಲಾಗ್ ತೆಗೆದು ಆ ರಾತ್ರಿ ಎರಡು ಗಂಟೆಯ ಸಾಲುಗಳನ್ನು ಓದಿ. ಕಂಟೇನರ್‌ನಲ್ಲಿ ಓಡಿಸುವವರಿಗೆ ಇದೇ ಸಾವು ಎಕ್ಸಿಟ್ ಕೋಡ್ 137 ಆಗಿ ಕಾಣುತ್ತದೆ, 128ಕ್ಕೆ 9 ಕೂಡಿಸಿದ್ದು.

ಜೊತೆಗೆ, ಜೆವಿಎಂ ತನ್ನ ಮೆಮೊರಿಯ ಲೆಕ್ಕ ಇಡುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಿ, ಸಮ್ಮರಿ ಸಾಕು. ಜೆವಿಎಂ ಶುರುವಾಗುವಾಗಲೇ ಫ್ಲ್ಯಾಗ್ ಕೊಡಬೇಕು, ಮಧ್ಯದಲ್ಲಿ ಆಗುವುದಿಲ್ಲ. ವೇಗ ಸ್ವಲ್ಪ ಕುಗ್ಗುತ್ತದೆ, ಸಹಿಸಿಕೊಳ್ಳಿ. ದಿನಾ ಬೆಳಗ್ಗೆ ಎರಡು ಅಂಕಿ ಬರೆದಿಡಿ. ಟ್ರ್ಯಾಕಿಂಗ್ ತೋರಿಸುವ ಕಮಿಟೆಡ್ ಒಟ್ಟು (ಜೆವಿಎಂ ತನ್ನ ಲೆಕ್ಕದಲ್ಲಿ ಪಡೆದದ್ದು) ಒಂದು, ಕರ್ನಲ್ ತೋರಿಸುವ ಆರ್‌ಎಸ್‌ಎಸ್ (ಪ್ರೋಸೆಸ್ ನಿಜಕ್ಕೂ ಹಿಡಿದಿರುವ ಮೆಮೊರಿ) ಇನ್ನೊಂದು. ಅಷ್ಟು ದಿನ ಡಂಪ್ ತೆಗೆಯಬೇಡಿ.

ರಾತ್ರಿಪಾಳಿ:

ಸಿಕ್ಕಿತು, ಮತ್ತೆ ಸಿಕ್ಕಿಲ್ಲ.

ಕರ್ನಲ್ ಲಾಗ್‌ನಲ್ಲಿ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಕರ್ನಲ್ ಭಾಗ, ಬರೆದ ಸಾಲು ಇದೆ. ಜಾವಾ ಪ್ರೋಸೆಸ್ ಕೊಂದೆ, 7 ಜಿಬಿಗೂ ಜಾಸ್ತಿ ಹಿಡಿದುಕೊಂಡಿತ್ತು ಅಂತ. ಮೂರು ವಾರ ಟಾಮ್‌ಕ್ಯಾಟ್ ಲಾಗನ್ನೇ ಕೆದಕುತ್ತಿದ್ದ ನನಗೆ ಏನು ಹೇಳಬೇಕೋ ನೀವೇ ಹೇಳಿ.

ಮೂರು ಬೆಳಗಿನ ಲೆಕ್ಕ ಹೀಗಿದೆ. ಕಮಿಟೆಡ್ ಮೂರೂ ದಿನ ಸುಮಾರು 4.7 ಜಿಬಿ. ಹೀಪ್ 4, ಉಳಿದದ್ದು ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಕೋಡ್ ಕ್ಯಾಶ್, ಜಿಸಿಯ ಸ್ವಂತ ಖರ್ಚು. ಆರ್‌ಎಸ್‌ಎಸ್ ಮಾತ್ರ 5.5, 6.3, 7.1. ಗ್ರಾಫ್ ಹಾಕಿದೆ. ಇಡೀ ದಿನ ಸಪಾಟು, ಬ್ಯಾಚ್ ಹೊತ್ತಿಗೆ ಒಂದು ಮೆಟ್ಟಿಲು. ಮಾರನೇ ದಿನ ಇನ್ನೊಂದು ಮೆಟ್ಟಿಲು.

ಅಂದರೆ ಜೆವಿಎಂ ಲೆಕ್ಕಕ್ಕೆ ಸಿಗದ 2.4 ಜಿಬಿ ಎಲ್ಲೋ ಇದೆ. ಎಲ್ಲಿ?

ಬೈಟ್‌ಬುಟ್ಟಿ:

6 ಮಾಡಿ ಅಂದದ್ದು ವಾಪಸ್ ತೆಗೆದುಕೊಂಡೆ! ಹಾಗಾದರೆ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯ ಮ್ಯಾಲಾಕ್ ಅರೀನಾ (ನೇಟಿವ್ ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ತುಂಡುಗಳು) ಇರಬಹುದು. 64 ಬಿಟ್‌ನಲ್ಲಿ ಕೋರ್‌ಗೆ 8ರಂತೆ ಅರೀನಾ ಮಾಡಿಕೊಳ್ಳಬಹುದು, ನಿಮ್ಮದರಲ್ಲಿ 32. ಮ್ಯಾಲಾಕ್ ಅರೀನಾ ಮ್ಯಾಕ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯೇಬಲ್ ಇದೆ. ಅದಕ್ಕೆ 2 ಕೊಟ್ಟು ನೋಡಿ.

ರಾತ್ರಿಪಾಳಿ:

ಕೊಟ್ಟೆ. ಇನ್ನೂರು ಎಂಬಿಯಷ್ಟು ಕೆಳಗಿಳಿಯಿತು, ಆದರೆ ಮೆಟ್ಟಿಲು ಹಾಗೇ ಇದೆ. ಮೊದಲ ಮೆಟ್ಟಿಲೇ ಸ್ವಲ್ಪ ತಗ್ಗಿನಿಂದ ಶುರು, ಅಷ್ಟೇ.

ಹಳೇ ಅಡ್ಮಿನ್:

ನಿಮ್ಮ ಹಲ್ಲುನೋವಿನ ಮಾತನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಸುಳಿವು ಅದರಲ್ಲೇ ಇತ್ತು ಅನಿಸುತ್ತದೆ.

ಡಂಪ್ ತೆಗೆಯುವಾಗ ಲೈವ್ ಅನ್ನುವ ಆಯ್ಕೆ ಕೊಟ್ಟಿರುತ್ತೀರಿ, ಎಲ್ಲರೂ ಕೊಡುತ್ತಾರೆ. ಅದು ಮೊದಲು ಒಂದು ಫುಲ್ ಜಿಸಿ ಮಾಡಿ, ಆಮೇಲೆ ಬದುಕಿರುವ ಆಬ್ಜೆಕ್ಟ್‌ಗಳನ್ನಷ್ಟೇ ಬರೆಯುತ್ತದೆ. ಕಳ್ಳನನ್ನು ಹೊರಗೆ ಕಳಿಸಿ, ಕಸ ಗುಡಿಸಿ, ಆಮೇಲೆ ಮನೆಯ ಫೋಟೋ ತೆಗೆದ ಹಾಗೆ. ಫೋಟೋ ಚೆನ್ನಾಗಿರುತ್ತದೆ.

ನನ್ನ ಊಹೆ ಇದು. ಹೀಪ್‌ನಲ್ಲಿ ಕೆಲವೇ ಬೈಟ್ ತೂಗುವ, ಆದರೆ ಹೊರಗೆ ದೊಡ್ಡ ನೇಟಿವ್ ತುಂಡು ಹಿಡಿದುಕೊಂಡ ಪುಟ್ಟ ಆಬ್ಜೆಕ್ಟ್‌ಗಳು ಸಾವಿರಗಟ್ಟಲೆ ಓಲ್ಡ್ ಜನರೇಷನ್‌ನಲ್ಲಿ (ಬಹಳ ಹೊತ್ತು ಬದುಕಿದವು ಸೇರುವ ಹೀಪಿನ ಭಾಗ) ಸತ್ತು ಬಿದ್ದಿವೆ. ಅವನ್ನು ಯಾರೂ ಹಿಡಿದುಕೊಂಡಿಲ್ಲ, ಆದರೆ ಗುಡಿಸಲೂ ಯಾರೂ ಬರುತ್ತಿಲ್ಲ. ಜಿ1 ಓಲ್ಡ್ ಕಡೆ ತಿರುಗಿ ನೋಡುವುದು ಡೀಫಾಲ್ಟಾಗಿ ಹೀಪ್ 45 ಪರ್ಸೆಂಟ್ ದಾಟಿದಾಗ. 4 ಜಿಬಿಯಲ್ಲಿ ಅದು 1.8. ನಿಮ್ಮದು 1.1ರಲ್ಲೇ ಆರಾಮಾಗಿದೆ. ಜಿಸಿಗೆ ಕೆಲಸವೇ ಕಾಣುತ್ತಿಲ್ಲ. ಹೊರಗೆ ಮನೆ ಮುಳುಗುತ್ತಿರುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಹೀಪ್ ಏರಿಸಿದರೆ ಎರಡು ಕಡೆ ಪೆಟ್ಟು. ಹೊರಗಿನ ಜಾಗ ಕಮ್ಮಿ, ಜಿಸಿ ಇನ್ನೂ ಅಪರೂಪ.

ಮೂರನೇ ಬೆಳಗ್ಗೆ ಕ್ಲಾಸ್ ಹಿಸ್ಟೋಗ್ರಾಂ, ಅಂದರೆ ಯಾವ ಬಗೆಯ ಆಬ್ಜೆಕ್ಟ್ ಎಷ್ಟಿವೆ ಅನ್ನುವ ಪಟ್ಟಿ, ತೆಗೆಯಿರಿ. ಜೆಸಿಎಂಡಿ ಟೂಲ್‌ನಲ್ಲಿ ತೆಗೆದರೆ ಆಲ್ ಅನ್ನುವ ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಅದೂ ಗುಡಿಸಿಯೇ ಎಣಿಸುತ್ತದೆ. ಮೇಲಿನ ಹತ್ತು ಸಾಲು ಬಿಡಿ, ಅಲ್ಲಿ ಬೈಟ್ ಅರೇ, ಸ್ಟ್ರಿಂಗ್ ಇರುತ್ತವೆ. ಕೆಳಗೆ ಇಳಿದು ಜಿಪ್ ಪ್ಯಾಕೇಜ್ ಮತ್ತು ಡೈರೆಕ್ಟ್ ಬೈಟ್‌ಬಫರ್ ಹುಡುಕಿ, ಅವು ಹೀಪಿನ ಹೊರಗೆ ಮೆಮೊರಿ ಹಿಡಿಯುವಂಥವು.

ರಾತ್ರಿಪಾಳಿ:

ಡೇಟಾ ಕುಗ್ಗಿಸುವ ಕ್ಲಾಸ್, ಜಾವಾ ಯುಟಿಲ್ ಜಿಪ್ ಡಿಫ್ಲೇಟರ್. 9,600ಕ್ಕೆ ಸ್ವಲ್ಪ ಮೇಲೆ.

ಅಷ್ಟೂ ಸೇರಿ ಹೀಪ್‌ನಲ್ಲಿ ಒಂದು ಎಂಬಿಯೂ ಇಲ್ಲ. ಹಿಸ್ಟೋಗ್ರಾಂನಲ್ಲಿ ಎಷ್ಟು ಕೆಳಗಿತ್ತೆಂದರೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋವು. ಆದರೆ ಒಂದೊಂದು ಡಿಫ್ಲೇಟರ್ ಹಿಂದೆಯೂ ಕುಗ್ಗಿಸುವ ನೇಟಿವ್ ಲೈಬ್ರರಿ ಜೀಲಿಬ್ ಸುಮಾರು 256 ಕೆಬಿ ಹಿಡಿದಿರುತ್ತದೆ. ಗುಣಿಸಿ ನೋಡಿದೆ. 2.4 ಜಿಬಿ. ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಸುಮ್ನೆ ಕೂತೆ ಸ್ವಲ್ಪ ಹೊತ್ತು.

ಆಮೇಲೆ ಆಲ್ ಕೊಡದೆ ಇನ್ನೊಮ್ಮೆ ತೆಗೆದೆ. 14 ಡಿಫ್ಲೇಟರ್!

ಬ್ಯಾಚ್ ರಾತ್ರಿಗೆ 3,200 ರಿಪೋರ್ಟ್ ಮಾಡಿ ಕುಗ್ಗಿಸುತ್ತದೆ. ಮುಗಿಯುವ ತನಕ ಡಿಫ್ಲೇಟರ್ ಸಮೇತ ಎಲ್ಲವನ್ನೂ ಒಂದು ಲಿಸ್ಟ್‌ನಲ್ಲಿ ಇಟ್ಟುಕೊಂಡಿರುತ್ತದೆ, ಅಷ್ಟರಲ್ಲಿ ಎಲ್ಲ ಓಲ್ಡ್ ಜನರೇಷನ್ ಸೇರಿಬಿಡುತ್ತವೆ. ಲಿಸ್ಟ್ ಖಾಲಿಯಾದ ಮೇಲೆ ಕೇಳುವವರಿಲ್ಲ.

ಕೋಡ್ ನೋಡಿ ಮೊದಲು ನಂಬಲಿಲ್ಲ. ಸ್ಟ್ರೀಮ್ ಎಲ್ಲ, ಕೆಲಸ ಮುಗಿದಾಗ ತಾನಾಗಿ ಕ್ಲೋಸ್ ಮಾಡುವ ಟ್ರೈ-ವಿತ್-ರಿಸೋರ್ಸಸ್ ಒಳಗೇ ಇತ್ತು, ನಾನೇ ಬರೆದದ್ದು. ಕ್ಲೋಸ್ ಆಗುತ್ತಿತ್ತು. ಆದರೆ ಅತಿ ಹೆಚ್ಚು ಕುಗ್ಗಿಸುವ ಲೆವೆಲ್ 9 ಬೇಕು ಅಂತ ಡಿಫ್ಲೇಟರ್ ನಾನೇ ಮಾಡಿ ಡಿಫ್ಲೇಟರ್-ಔಟ್‌ಪುಟ್‌ಸ್ಟ್ರೀಮ್ ಕೈಗೆ ಕೊಟ್ಟಿದ್ದೆ. ತಾನು ಮಾಡಿಕೊಂಡ ಡಿಫ್ಲೇಟರನ್ನು ಸ್ಟ್ರೀಮ್ ಕ್ಲೋಸ್ ಆಗುವಾಗ ತಾನೇ ಮುಗಿಸುತ್ತದೆ. ನೀವು ಕೊಟ್ಟದ್ದನ್ನು ಮುಟ್ಟುವುದಿಲ್ಲ. ಕೊಟ್ಟವರೇ ಎಂಡ್ ಕರೆಯಬೇಕು. ನ್ಯಾಯವೇ, ಆದರೆ ಗೊತ್ತಿರಬೇಕಲ್ಲ.

ಫೈನಲಿ ಬ್ಲಾಕ್‌ನಲ್ಲಿ ಎಂಡ್ ಕರೆಯುವ ಒಂದು ಸಾಲು ಸೇರಿಸಿದೆ. ಲಿಸ್ಟ್‌ನಲ್ಲಿ ಇಟ್ಟುಕೊಳ್ಳುವ ಚಾಳಿಯನ್ನೂ ಬಿಡಿಸಿದೆ.

ಬೈಟ್‌ಬುಟ್ಟಿ:

ಇನ್‌ಫ್ಲೇಟರ್‌ಗೂ ಹೀಗೇನಾ? ನಮ್ಮಲ್ಲಿ ಅಪ್‌ಲೋಡ್ ಬಿಚ್ಚುವ ಕಡೆ ಅದನ್ನೇ ಬಳಸುತ್ತಿದ್ದೇವೆ.

ಹಳೇ ಅಡ್ಮಿನ್:

ಹೌದು, ಅದೇ ಕಥೆ. ನೀವು ಮಾಡಿ ಕೊಟ್ಟ ಇನ್‌ಫ್ಲೇಟರ್ ನಿಮ್ಮದೇ ಜವಾಬ್ದಾರಿ.

ರಾತ್ರಿಪಾಳಿ ಅವರೇ, ಆ ಮೂರು ಡಂಪ್ ಫೈಲ್ ಇನ್ನೂ ಡಿಸ್ಕ್‌ನಲ್ಲಿದ್ದರೆ ಅಳಿಸಿ. ಬಳಕೆದಾರರ ಸೆಷನ್, ಡೇಟಾಬೇಸ್ ಪಾಸ್‌ವರ್ಡ್, ಎಲ್ಲ ಓದಬಹುದಾದ ಸ್ಟ್ರಿಂಗ್ ಆಗಿ ಒಳಗೆ ಕೂತಿರುತ್ತವೆ.

ರಾತ್ರಿಪಾಳಿ:

ಅಳಿಸಿದೆ. ಒಂದನ್ನು ಯಾರೋ ಶೇರ್ಡ್ ಫೋಲ್ಡರ್‌ಗೂ ಹಾಕಿದ್ದರು, ಅದನ್ನೂ ತೆಗೆಸಿದೆ.

ಇವತ್ತಿಗೆ ಹನ್ನೊಂದು ರಾತ್ರಿ. ಆರ್‌ಎಸ್‌ಎಸ್ 4.8ರಲ್ಲಿ ನಿಂತಿದೆ, ಮೆಟ್ಟಿಲಿಲ್ಲ. ಹೀಪ್ ಮತ್ತೆ 3 ಜಿಬಿಗೆ ಇಳಿಸುವುದು ಮುಂದಿನ ವಾರ. ಕೋಡ್ ಎಲ್ಲ ಗ್ರೆಪ್ ಮಾಡಿ ಹುಡುಕಿದಾಗ ಇನ್ನೆರಡು ಕಡೆ ಇದೇ ತಪ್ಪು ಸಿಕ್ಕಿತು. ಎರಡರಲ್ಲೂ ಕಮಿಟ್ ಮಾಡಿದವರ ಹೆಸರು ನನ್ನದೇ.