ಐಟಿಐ ಮುಗಿಸಿ ಬಂದ ಫಿಟ್ಟರ್‌ಗಳಿಗೆ ಟೂಲ್ ರೆಡಿ ಮಾಡೋದು ಕಲಿಸೋದು ಹೇಗೆ?

ಪೀಣ್ಯ_ಶಾಪ್‌ಫ್ಲೋರ್:
ಎರಡು ವರ್ಷದ ಫಿಟ್ಟರ್ ಟ್ರೇಡ್ ಮುಗಿಸಿದ ಹುಡುಗರು. ಡ್ರಾಯಿಂಗ್ ಓದ್ತಾರೆ, ವರ್ನಿಯರ್ ರೀಡಿಂಗ್ ತಪ್ಪಲ್ಲ. ಆದರೆ ಹೊಸ ಫೈಲ್ (ಲೋಹ ಉಜ್ಜುವ ಅರ) ವಾರಕ್ಕೇ ಜಾರುತ್ತೆ, 10 ಎಂಎಂ ಡ್ರಿಲ್ ಹಾಕಿದ ತೂತು 10.3 ಬರುತ್ತೆ. ಟೂಲ್ ಮೊಂಡಾದರೆ ಸ್ಟೋರಿಗೆ ಓಡ್ತಾರೆ. ಮೊದಲ ತಿಂಗಳು ಯಾವುದರಿಂದ ಶುರು ಮಾಡಲಿ?

ಬೆಂಚ್‌ವೈಸ್:
ಫೈಲ್‌ನಿಂದ. ಹೊಸದನ್ನು ಮೊದಲು ಹಿತ್ತಾಳೆ ಮೇಲೆ ಓಡಿಸಲಿ. ಹಲ್ಲಿನ ತುದಿ ಇನ್ನೂ ತೀರಾ ಚೂಪು, ನೇರ ಸ್ಟೀಲ್‌ಗೆ ಒತ್ತಿದರೆ ಮುರಿಯುತ್ತೆ. ಗ್ಯಾಸ್ ಕಟಿಂಗ್ ಅಂಚು, ವೆಲ್ಡಿಂಗ್ ಸ್ಲ್ಯಾಗ್, ಕಾಸ್ಟಿಂಗ್‌ನ ಮೇಲ್ಪದರ ಇವಕ್ಕೆಲ್ಲ ಹಳೇ ಫೈಲ್ ಸಾಕು. ಹಲ್ಲು ಕೊರೆಯೋದು ಮುಂದಕ್ಕೆ ಹೋಗುವಾಗ, ಹಿಂದಕ್ಕೆ ಎಳೆಯುವಾಗ ಒತ್ತಬಾರದು.

ಎಂಎಸ್ (ಮೈಲ್ಡ್ ಸ್ಟೀಲ್), ಅಲ್ಯೂಮಿನಿಯಂ ಪುಡಿ ಹಲ್ಲಿನ ಸಂದಿಯಲ್ಲಿ ಕೂತರೆ ಜಾಬ್ (ಕೆಲಸ ಮಾಡುವ ತುಂಡು) ಮೇಲೆ ಆಳವಾದ ಗೀರು ಬೀಳುತ್ತೆ. ಫಿನಿಶ್ ಹೊಡೆಯುವ ಮುಂಚೆ ಫೈಲ್‌ಗೆ ಸೀಮೆಸುಣ್ಣ ಉಜ್ಜಬೇಕು. ಫೈಲ್ ಕಾರ್ಡನ್ನು (ಫೈಲ್ ಉಜ್ಜುವ ತಂತಿ ಬ್ರಷ್) ಹಲ್ಲಿನ ಸಾಲಿನುದ್ದಕ್ಕೇ ಎಳೆಯಬೇಕು. ಅದಕ್ಕೂ ಬಿಡದ ಚೂರಿಗೆ ತೆಳು ಹಿತ್ತಾಳೆ ಪಟ್ಟಿ: ಅದೇ ಸಾಲಿನಲ್ಲಿ ಒತ್ತಿ ತಳ್ಳುತ್ತಾ ಹೋದರೆ ಪಟ್ಟಿಯ ತುದಿಗೇ ಹಲ್ಲಿನ ಅಚ್ಚು ಮೂಡುತ್ತೆ, ಆಮೇಲೆ ಅದು ಸಂದಿಯ ತಳ ಮುಟ್ಟುತ್ತೆ. ಜಾಬನ್ನು ಬೆರಳಲ್ಲಿ ಸವರುವ ಚಾಳಿಯನ್ನೂ ಬಿಡಿಸಿ, ಜಿಡ್ಡಾದರೆ ಫೈಲ್ ಕಚ್ಚಲ್ಲ.

ಟೂಲ್‌ರೂಮ್_ಹುಬ್ಬಳ್ಳಿ:
10.3 ಬರ್ತಿದೆ ಅಂದ್ರೆ ಮೊದಲು ಡ್ರಿಲ್ ತುದಿ ನೋಡ್ರಿ. ಒಂದು ಲಿಪ್ (ಕೊರೆಯೋ ಅಂಚು) ಉದ್ದ, ಇನ್ನೊಂದು ಗಿಡ್ಡ ಇರ್ತದ. ಎಂಎಸ್‌ಗೆ ತುದಿ ಕೋನ 118 ಡಿಗ್ರಿ, ಅಂದ್ರೆ ಪ್ರತಿ ಕಡೆ 59. ಗೇಜ್ ಹಿಡಿದು ಕೋನ, ಉದ್ದ ಎರಡೂ ನೋಡಬೇಕು. ಲಿಪ್ ಹಿಂದಿನ ಕ್ಲಿಯರೆನ್ಸ್ (ಹಿಂದಕ್ಕ ಇಳಿಜಾರು) 8ರಿಂದ 12 ಡಿಗ್ರಿ. ಅದಿಲ್ಲದಿದ್ರ ಡ್ರಿಲ್ ಕೊರೆಯೋದಿಲ್ಲ, ಬರೇ ಉಜ್ಜಿ ಸುಡ್ತದ. ಹೆಚ್ಚಾದ್ರ ಅಂಚು ಚಕ್ಕೆ ಏಳ್ತದ. ಎರಡೂ ಫ್ಲೂಟ್‌ನಿಂದ (ಡ್ರಿಲ್ ಮೈಮೇಲಿನ ಸುರುಳಿ ಗಾಡಿಯಿಂದ) ಒಂದೇ ಥರ ಚಿಪ್ಸ್ ಬಂದ್ರ ಗ್ರೈಂಡಿಂಗ್ ಸರಿ. ಗ್ರೈಂಡ್ ಮಾಡುವಾಗ ಆಗಾಗ ನೀರಿಗೆ ಅದ್ದಲಿ.

ಚಿಸೆಲ್_60:
ನೀರಿನ ಮಾತು ಚಿಸೆಲ್‌ಗೆ (ಉಳಿಗೆ) ಸರಿ ಸರ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್‌ಗೆ ಅಲ್ಲ. ಕಾರ್ಬನ್ ಸ್ಟೀಲ್ ಚಿಸೆಲ್ ಅಂಚು ನೀಲಿಗೆ ತಿರುಗಿದರೆ ಗಡಸುತನ ಹೋಯಿತು, ಅದಕ್ಕೇ ಪದೇ ಪದೇ ಅದ್ದಬೇಕು. ಎಚ್‌ಎಸ್‌ಎಸ್ ಅಷ್ಟು ಶಾಖ ತಡೆಯುತ್ತೆ; ಕಾದಿದ್ದನ್ನು ನೀರಿಗೆ ಹಾಕಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮುಂದೆ ಲಿಪ್ ಒಡೆಯುತ್ತೆ. ಹಗುರವಾಗಿ ಒತ್ತಿ, ಗಾಳಿಯಲ್ಲೇ ಆರಲಿ.

ಹುಡುಗರನ್ನೂ ಬೈಯಬೇಡಿ. ಚಿಸೆಲ್, ಡ್ರಿಲ್ ಗ್ರೈಂಡಿಂಗ್ ಸಿಲಬಸ್‌ನಲ್ಲೇ ಇದೆ. ಆದರೆ ಜಾಬ್ ಸೈಜಿಗೆ ಬಂತಾ ಅಂತಷ್ಟೇ ನೋಡುವ ಕಡೆ ಕಲಿತವರು ಟೂಲ್ ಕಡೆ ತಿರುಗಿಯೂ ನೋಡಲ್ಲ. ಒಬ್ಬೊಬ್ಬರಿಗೂ ನಂಬರ್ ಹೊಡೆದ ಸೆಟ್ ಕೊಡಿ. ಜಾಬ್ ಕೈಗೆ ಕೊಡುವ ಮುಂಚೆ ಟೂಲ್ ತೋರಿಸಲಿ: ಫೈಲ್ ಹ್ಯಾಂಡಲ್ ಬಿಗಿ ಇದೆಯಾ, ಚಿಸೆಲ್ ತಲೆ ಅಣಬೆಯಂತೆ ಅರಳಿದೆಯಾ, ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕಿದೆಯಾ.

ಪೀಣ್ಯ_ಶಾಪ್‌ಫ್ಲೋರ್:
ಗ್ರೈಂಡಿಂಗ್ ಅಭ್ಯಾಸಕ್ಕೆ ಯಾವ ಸೈಜ್ ಡ್ರಿಲ್ ಕೊಡಲಿ?

ಟೂಲ್‌ರೂಮ್_ಹುಬ್ಬಳ್ಳಿ:
ನೀರಿನ ವಿಷಯ ಚಿಸೆಲ್_60 ಹೇಳಿದ್ದೇ ಖರೆ. 12 ಎಂಎಂ ಸುತ್ತಮುತ್ತ ಕೊಡ್ರಿ, ಲಿಪ್ ಕಣ್ಣಿಗೆ ಚೆಂದ ಕಾಣ್ತದ. 6ರ ಕೆಳಗಿಂದು ಈಗ ಬ್ಯಾಡ. ಗ್ರೈಂಡರ್ ವೀಲ್‌ಗೂ ಟೂಲ್ ರೆಸ್ಟ್‌ಗೂ (ಟೂಲ್ ಇಟ್ಟು ಹಿಡಿಯೋ ಆಸರೆ) ನಡುವೆ 3 ಎಂಎಂಗಿಂತ ಜಾಸ್ತಿ ಸಂದಿ ಇದ್ರ ಮೊದಲು ಅದನ್ನ ಸರಿ ಮಾಡಸ್ರಿ. ಡ್ರಿಲ್ ಸಿಕ್ಕಿಕೊಂಡ್ರ ಬೆರಳೂ ಅದರ ಹಿಂದ ಹೋಗ್ತದ.