ಪ್ರಥಮ ಪಿಯುಸಿಯಲ್ಲಿ ಅಂಕ ಕಡಿಮೆ: ಗಣಿತ ಬಿಡಬಹುದೇ?

ಪಾಲಕರು, ಇಂಡಿ: ಮಗಳಿಗೆ ಪ್ರಥಮ ಪಿಯುಸಿ ವಿಜ್ಞಾನದಾಗ ಶೇ 52 ಬಂದೈತಿ. ಗಣಿತ ಬಿಡಸೋಣ ಅಂತ ಮನ್ಯಾಗ ಮಾತು ನಡದೈತಿ. ಮುಂದ ಎಂಜಿನಿಯರಿಂಗ್ ಸೀಟಿಗೆ ಈ ಅಂಕ ಅಡ್ಡ ಬರ್ತಾವೇನ್ರಿ?

ಗಣಿತ ಉಪನ್ಯಾಸಕ, ಬಾಗಲಕೋಟೆ: ಅಂಕ ಅಡ್ಡ ಬರೂದಿಲ್ರಿ, ಗಣಿತ ಬಿಟ್ಟರ ಮಾತ್ರ ಬಾಗಿಲ ಮುಚ್ಚಿದಂಗ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡಿನಾಗ 300ಕ್ಕೆ 240 ಅಂದ್ರ ಶೇ 80, ಸಿಇಟಿಯಾಗ 180ಕ್ಕೆ 90 ಅಂದ್ರ ಶೇ 50, ಸರಾಸರಿ 65. ಪ್ರಥಮ ವರ್ಷದ ಶೇ 52 ಈ ಲೆಕ್ಕದಾಗ ಎಲ್ಲೂ ಇಲ್ಲ.

ಆದರ ಪಾಠ ಹಿಂದ ಉಳಿದರ ತೊಂದರೆ ಖರೇ. ತ್ರಿಕೋನಮಿತಿ, ಮಿತಿ (ಲಿಮಿಟ್) ಗಟ್ಟಿ ಇಲ್ಲದಿದ್ರ ದ್ವಿತೀಯ ವರ್ಷದ ಅವಕಲನ, ಅನುಕಲನ ತಲಿಗೆ ಹತ್ತೂದಿಲ್ಲ. ಸಿಇಟಿಯಾಗ ಪ್ರಥಮ ವರ್ಷದ ಪ್ರಶ್ನೆಗಳೂ ಬರ್ತಾವು. ರಜೆಯಾಗ ತ್ರಿಕೋನಮಿತಿ, ಮಿತಿ ಎರಡನ್ನ ಮೊದಲು ಮುಗಸ್ರಿ.

ಪ್ರವೇಶ ಮಾರ್ಗದರ್ಶಕಿ, ಬೆಳಗಾವಿ: ಸರ್ ಹೇಳಿದ್ದು ಸರಿ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಾದ ಎನ್‌ಐಟಿ ಗುರಿ ಇದ್ದರೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ರ‍್ಯಾಂಕ್ ಜೊತೆಗೆ ಸಾಮಾನ್ಯ ವರ್ಗಕ್ಕೆ ದ್ವಿತೀಯ ಪಿಯುಸಿಯಲ್ಲಿ ಶೇ 75 ಬೇಕು, ಇಲ್ಲವೇ ಬೋರ್ಡಿನಲ್ಲಿ ಅತಿ ಹೆಚ್ಚು ಅಂಕ ಪಡೆದ ಶೇ 20 ವಿದ್ಯಾರ್ಥಿಗಳಲ್ಲಿ, ಅಂದರೆ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ವೈದ್ಯಕೀಯ ಮಾತ್ರ ಸಾಕೆಂದು ಮಗಳೇ ಗಟ್ಟಿಯಾಗಿ ಹೇಳಿದರೆ ಗಣಿತ ಬಿಡಬಹುದು, ನೀಟ್‌ಗೆ ಅದು ಬೇಡ. ಅವಳನ್ನು ಕೇಳದೆ ತೀರ್ಮಾನಿಸಬೇಡಿ.

ಪಾಲಕರು, ಇಂಡಿ: ಗಣಿತ ಬಿಡಸೂದಿಲ್ರಿ. ತ್ರಿಕೋನಮಿತಿಯಿಂದ ಸುರು ಮಾಡಸ್ತೀವಿ.